‘ದಮ್ಮು’ ಎಂದಷ್ಟೇ ಹೇಳಿದರೆ ಸಾಲದು

ಆಸ್ಪತ್ರೆಯಲ್ಲಿ ವೈದ್ಯರು “ಏನು ತೊಂದರೆ?” ಎಂದು ಕೇಳುತ್ತಾರೆ. ನಮ್ಮಲ್ಲಿ ಅನೇಕರು “ದಮ್ಮು ಸಾರ್” ಅಂದು ಸುಮ್ಮನಾಗುತ್ತಾರೆ. ಹೇಳಿದವರಿಗೆ ಎಲ್ಲ ಹೇಳಿಯಾಯಿತು ಅನ್ನಿಸುತ್ತದೆ. ಕೇಳಿಸಿಕೊಂಡವರಿಗೆ ಕೆಲಸ ಶುರುವಾಗುವುದೇ ಆಗ. ಆ ಒಂದು ಮಾತಿನ ಹಿಂದೆ ಅಸ್ತಮಾ ಇರಬಹುದು, ಬೀಡಿಯಿಂದ ಕೆಟ್ಟ ಶ್ವಾಸಕೋಶ ಇರಬಹುದು, ಸೋತ ಹೃದಯ ಇರಬಹುದು, ರಕ್ತ ಕಡಿಮೆಯಾಗಿರಬಹುದು, ಬರೀ ಗಾಬರಿಯೂ ಇರಬಹುದು. ಒಂದಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಆದ್ದರಿಂದ ದಮ್ಮು ಅನ್ನುವ ಮಾತನ್ನು ಬಿಡಿಸಿ ಹೇಳುವುದು ಹೇಗೆ, ಹೇಳಿದ ಮೇಲೆ ಯಾವ ಪರೀಕ್ಷೆ ಮಾಡುತ್ತಾರೆ, ಅದಕ್ಕೆ ಎಷ್ಟು ಖರ್ಚು, ಎಲ್ಲಿಗೆ ಹೋಗಬೇಕು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಮಾತು. ದಮ್ಮು ಪಾರಸಿಯಿಂದ ಬಂದದ್ದು. ಅಲ್ಲಿ ‘ದಮ್’ ಎಂದರೆ ಉಸಿರು. ನಮ್ಮಲ್ಲಿಗೆ ಬಂದ ಮೇಲೆ ಅದು ಹಲವು ಕೆಲಸಕ್ಕೆ ಸೇರಿಕೊಂಡಿತು. ಬೀಡಿ ಸೇದುವವನು ದಮ್ಮು ಹೊಡೆಯುತ್ತಾನೆ. ಜಗಳಕ್ಕೆ ನಿಂತವನು “ದಮ್ಮಿದ್ದರೆ ಬಾ” ಅನ್ನುತ್ತಾನೆ. ಹೋಟೆಲಿನ ಬಿರಿಯಾನಿಗೂ ದಮ್ ಕಟ್ಟುತ್ತಾರೆ. ಕಾಯಿಲೆಯ ಹೆಸರಾಗಿ ಹೇಳಿದಾಗ ಮಾತ್ರ ಅದು ಉಸಿರಿನ ಕಷ್ಟ. ಇದೇ ಕಷ್ಟಕ್ಕೆ ಉಬ್ಬಸ, ಗೂರಲು, ತೇಕು, ಏದುಸಿರು, ಮೇಲುಸಿರು ಎಂಬ ಮಾತುಗಳೂ ಇವೆ. ಊರಿಂದ ಊರಿಗೆ ಇವುಗಳ ಅರ್ಥ ಸ್ವಲ್ಪ ಆಚೀಚೆ ಆಗುತ್ತದೆ. ಬಳ್ಳಾರಿ ಕಡೆಯವರು ಹೇಳಿದ್ದನ್ನು ಮಂಗಳೂರಿನಲ್ಲಿ ಓದಿ ಬಂದ ವೈದ್ಯರು ಬೇರೆ ರೀತಿ ತಿಳಿದುಕೊಳ್ಳಬಹುದು. ಹೊರರಾಜ್ಯದಿಂದ ಬಂದ ವೈದ್ಯರಾದರಂತೂ ಅವರ ಕಿವಿಗೆ ಇವೆಲ್ಲ ಒಂದೇ.

“ಮಾತಿನಲ್ಲೇನಿದೆ, ಪರೀಕ್ಷೆ ಮಾಡಿದರೆ ಗೊತ್ತಾಗುತ್ತದಲ್ಲ?” ಎಂದು ನೀವು ಕೇಳಬಹುದು. ಪರೀಕ್ಷೆ ಮಾಡುತ್ತಾರೆ, ನಿಜ. ಆದರೆ ಯಾವ ಪರೀಕ್ಷೆ ಎಂದು ತೀರ್ಮಾನವಾಗುವುದು ನೀವು ಹೇಳಿದ್ದರ ಮೇಲೆ. ಇಸಿಜಿ ಬರೆದುಕೊಡಬೇಕೋ, ಎದೆಯ ಎಕ್ಸ್‌ರೇ ಬರೆದುಕೊಡಬೇಕೋ, ರಕ್ತ ನೋಡಬೇಕೋ, ಊದುವ ಪರೀಕ್ಷೆ ಮಾಡಿಸಬೇಕೋ ಎಂಬ ದಾರಿ ಒಡೆಯುವುದು ನಿಮ್ಮ ಮೊದಲ ನಾಲ್ಕು ವಾಕ್ಯಗಳಲ್ಲಿ. ಹೊರರೋಗಿ ವಿಭಾಗದಲ್ಲಿ ನಿಮ್ಮ ಹಿಂದೆ ಐವತ್ತು ಜನ ನಿಂತಿರುತ್ತಾರೆ. ಸಿಗುವ ಸಮಯವೇ ಕಡಿಮೆ.

ಉಸಿರಾಟ ನಡೆಯುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಅದು ಕೆಳಗಿಳಿದಾಗ ಎದೆಗೂಡು ಹಿಗ್ಗಿ ಗಾಳಿ ಒಳಬರುತ್ತದೆ. ಗಾಳಿ ಶ್ವಾಸನಾಳದ ಕವಲುಗಳಲ್ಲಿ ಹಾದು ಕೊನೆಗೆ ಗಾಳಿಗೂಡುಗಳೆಂಬ ಸಣ್ಣ ಚೀಲಗಳನ್ನು ಸೇರುತ್ತದೆ. ಅಲ್ಲಿ ಆಮ್ಲಜನಕ ರಕ್ತಕ್ಕೆ ಇಳಿಯುತ್ತದೆ. ಹೃದಯ ಆ ರಕ್ತವನ್ನು ಮೈಗೆಲ್ಲ ಕಳಿಸುತ್ತದೆ. ಸುಮ್ಮನೆ ಕೂತ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಒಂದು ಉಸಿರಿಗೆ ಒಳಬರುವುದು ಸುಮಾರು ಅರ್ಧ ಲೀಟರ್ ಗಾಳಿ. ಆಗ ಉಸಿರಾಡುತ್ತಿದ್ದೇವೆ ಎಂಬುದೇ ನಮಗೆ ತಿಳಿಯುವುದಿಲ್ಲ. ಅದು ತಿಳಿಯಲು ಶುರುವಾಯಿತು ಎಂದರೆ ಈ ದಾರಿಯಲ್ಲಿ ಎಲ್ಲೋ ತೊಡಕಾಗಿದೆ. ಕೊಳವೆ ಕಿರಿದಾಗಿರಬಹುದು. ಗಾಳಿಗೂಡಿನಲ್ಲಿ ಕೀವೋ ನೀರೋ ತುಂಬಿರಬಹುದು. ಹೃದಯದ ಪಂಪು ಸೋತಿರಬಹುದು. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕಡಿಮೆಯಾಗಿರಬಹುದು.

ಈಗ ನಮ್ಮ ಮಾತುಗಳನ್ನು ಈ ತೊಡಕುಗಳ ಪಕ್ಕದಲ್ಲಿ ಇಟ್ಟು ನೋಡಿ.

ಉಬ್ಬಸ ಎಂದು ನಾವು ಹೇಳುವುದು ಹೆಚ್ಚಾಗಿ ಅಸ್ತಮಾಕ್ಕೆ. ಕೊಳವೆಗಳು ಬಿಗಿದುಕೊಂಡಾಗ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದು ಕಷ್ಟ. ಉಸಿರು ಬಿಡುವಾಗ ಎದೆಯಲ್ಲಿ ಸುಂಯ್ ಎಂದು ಸಿಳ್ಳೆಯಂಥ ಸದ್ದು ಕೇಳುತ್ತದೆ. ನಡುರಾತ್ರಿ ಮತ್ತು ಬೆಳಗಿನ ಜಾವ ಹೆಚ್ಚು. ಧೂಳು, ಥಂಡಿ, ಪರಾಗ, ಊದುಬತ್ತಿಯ ಹೊಗೆ ತಾಕಿದರೆ ಕೆರಳುತ್ತದೆ. ಮಧ್ಯೆ ಮಧ್ಯೆ ಪೂರ್ತಿ ಆರಾಮ ಇರುವುದೂ ಇದರ ಲಕ್ಷಣ. ಅದೇ ಸದ್ದು, ಆದರೆ ಆರಾಮದ ದಿನವೇ ಇಲ್ಲ, ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿದೆ, ಬೆಳಿಗ್ಗೆ ಕಫ ಬೀಳುತ್ತದೆ ಅಂದರೆ ವೈದ್ಯರು ಸಿಒಪಿಡಿಯನ್ನು ನೆನೆಯುತ್ತಾರೆ. ಸಿಒಪಿಡಿ ಎಂದರೆ ಕೊಳವೆಗಳು ಮತ್ತು ಗಾಳಿಗೂಡುಗಳು ಹೆಚ್ಚಾಗಿ ಹೊಗೆಯಿಂದ ಶಾಶ್ವತವಾಗಿ ಕೆಡುವ ಕಾಯಿಲೆ. ಬೀಡಿ, ಸಿಗರೇಟು ಇದಕ್ಕೆ ಗೊತ್ತಿರುವ ಕಾರಣ. ಸೌದೆ ಒಲೆಯ ಮುಂದೆ, ಬಚ್ಚಲ ಹಂಡೆಯ ಮುಂದೆ ದಶಕಗಟ್ಟಲೆ ಕೂತ ಹೆಂಗಸರಿಗೂ ಇದು ಬರುತ್ತದೆ. “ನಾನೇನು ಬೀಡಿ ಸೇದಿದವಳಾ?” ಎಂದು ಅವರು ಕೇಳುತ್ತಾರೆ. ಒಲೆಯ ವಿಷಯ ಹೇಳುವುದೇ ಇಲ್ಲ. ಅದನ್ನು ಹೇಳಲೇಬೇಕು. ಗ್ಯಾಸ್ ಬಂದು ಹತ್ತು ವರ್ಷವಾಗಿದ್ದರೂ ಹೇಳಬೇಕು.

ಏದುಸಿರು ಬೇರೆ. ಮೆಟ್ಟಿಲು ಹತ್ತಿದಾಗ, ಓಡಿ ಬಸ್ಸು ಹಿಡಿದಾಗ ಬರುವುದು ಸಹಜ. ಹೋದ ಯುಗಾದಿಗೆ ಆರಾಮಾಗಿ ಹತ್ತಿದ ಮೆಟ್ಟಿಲಿಗೆ ಈ ಯುಗಾದಿಗೆ ಏದುಸಿರು ಬಂದರೆ ಸಹಜವಲ್ಲ. ಇಲ್ಲಿ ಹೃದಯ ಮತ್ತು ರಕ್ತಹೀನತೆ ಎರಡನ್ನೂ ನೋಡಬೇಕಾಗುತ್ತದೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹೆಂಗಸರು, ಬಸುರಿಯರು, ಮೂಲವ್ಯಾಧಿಯಿಂದ ರಕ್ತ ಹೋಗುವವರು ಅದನ್ನೂ ಸೇರಿಸಿ ಹೇಳಿ. ನಾಚಿಕೊಂಡು ಬಿಟ್ಟರೆ ಶ್ವಾಸಕೋಶದ ಪರೀಕ್ಷೆಗೆ ದುಡ್ಡು ಸುರಿದು ಬರುತ್ತೀರಿ.

ಅಂಗಾತ ಮಲಗಿದರೆ ಉಸಿರು ಸಿಗದು, ಎದ್ದು ಕೂತರೆ ಸರಿ, ಎರಡು ಮೂರು ದಿಂಬು ಬೇಕು, ಕಾಲು ಊದಿಕೊಂಡಿದೆ. ಇಷ್ಟು ಸೇರಿದರೆ ಹೃದಯದ ಕಡೆಗೆ ಬೆರಳು ತೋರಿದಂತೆ. ಮಲಗಿದ ಒಂದೆರಡು ಗಂಟೆಗೆ ಉಸಿರು ಕಟ್ಟಿ ಎಚ್ಚರವಾಗಿ ಕಿಟಕಿಯ ಹತ್ತಿರ ಓಡುವುದೂ ಹಾಗೆಯೇ. ಇದನ್ನೆಲ್ಲ ಬಿಟ್ಟು “ರಾತ್ರಿ ದಮ್ಮು” ಎಂದಷ್ಟೇ ಹೇಳಿದರೆ ಅಸ್ತಮಾ ಅಂದುಕೊಳ್ಳುವ ಸಾಧ್ಯತೆ ಹೆಚ್ಚು. ನನ್ನ ಮಟ್ಟಿಗೆ ಈ ಇಡೀ ಲೇಖನದಲ್ಲಿ ನೆನಪಿಡಬೇಕಾದ ಒಂದೇ ವಿಷಯ ಇದ್ದರೆ ಅದು ದಿಂಬಿನ ಲೆಕ್ಕ.

ನಿಟ್ಟುಸಿರು ದುಃಖದ ಮಾತೆಂದು ನಾವು ತಿಳಿದಿದ್ದೇವೆ. ಆದರೆ “ಉಸಿರು ಪೂರ್ತಿ ಒಳಗೆ ಇಳಿಯುತ್ತಿಲ್ಲ, ಮತ್ತೆ ಮತ್ತೆ ಉದ್ದಕ್ಕೆ ಎಳೆದುಕೊಳ್ಳಬೇಕು ಅನ್ನಿಸುತ್ತದೆ, ಬೆರಳ ತುದಿ ಜುಂ ಅನ್ನುತ್ತದೆ” ಎಂದು ಹೇಳುವವರಿದ್ದಾರೆ. ಆತಂಕದಲ್ಲಿ ಬೇಗ ಬೇಗ ಉಸಿರಾಡಿದಾಗ ಹೀಗಾಗುತ್ತದೆ. ಇದು ನಾಟಕವಲ್ಲ, ಕಷ್ಟ ನಿಜವಾದದ್ದೇ. ಹಾಗೆಂದು ಮನೆಯವರೇ ಕೂತು “ಟೆನ್ಷನ್ ಅಷ್ಟೇ” ಎಂದು ತೀರ್ಪು ಕೊಡಬೇಡಿ. ಹೃದಯ, ಶ್ವಾಸಕೋಶ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಆಡಬೇಕಾದ ಮಾತು ಅದು.

ಇನ್ನು ಎಷ್ಟು ಎಂಬ ಪ್ರಶ್ನೆ. “ತುಂಬಾ ದಮ್ಮು” ಅಂದರೆ ಅಳತೆ ಸಿಗುವುದಿಲ್ಲ. ವೈದ್ಯರು ಬಳಸುವ ಅಳತೆಗೋಲೊಂದಿದೆ. ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಜೋರು ಕೆಲಸ ಮಾಡಿದಾಗ ಮಾತ್ರ ಏದುಸಿರಾದರೆ ಸೊನ್ನೆ. ಸಮತಟ್ಟಾದ ರಸ್ತೆಯಲ್ಲಿ ಬಿರುಸಾಗಿ ನಡೆದಾಗ ಅಥವಾ ಸ್ವಲ್ಪ ಏರು ಹತ್ತಿದಾಗ ಬಂದರೆ ಒಂದು. ಓರಗೆಯವರ ಜೊತೆ ಹೆಜ್ಜೆ ಹಾಕಲಾಗದೆ ಹಿಂದೆ ಬಿದ್ದರೆ ಎರಡು. ನೂರು ಮೀಟರ್ ನಡೆಯುವಷ್ಟರಲ್ಲಿ ನಿಲ್ಲಬೇಕಾದರೆ ಮೂರು. ಬಟ್ಟೆ ಹಾಕಿಕೊಳ್ಳುವಾಗಲೂ ಉಸಿರು ಹತ್ತಿದರೆ, ಮನೆಯಿಂದ ಹೊರಗೆ ಹೋಗಲಾಗದಿದ್ದರೆ ನಾಲ್ಕು. ನೀವು ಅಂಕ ಹೇಳಬೇಕಾಗಿಲ್ಲ. “ಮನೆಯಿಂದ ದೇವಸ್ಥಾನಕ್ಕೆ ಹೋಗುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತೇನೆ, ಹೋದ ವರ್ಷ ನಿಲ್ಲುತ್ತಿರಲಿಲ್ಲ” ಎಂದರೆ ಸಾಕು. ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಮಕ್ಕಳು ಹೇಳಲಾರರು. ಅಲ್ಲಿ ನೀವು ಎಣಿಸಬೇಕು. ಮಗು ಅಳದೆ ಮಲಗಿದ್ದಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕೂ ಹೆಚ್ಚು ಬಂದರೆ ಅದು ವೇಗದ ಉಸಿರಾಟ. ಉಸಿರು ಎಳೆದಾಗ ಪಕ್ಕೆಯ ಕೆಳಭಾಗ ಒಳಗೆ ಹೋಗುತ್ತಿದ್ದರೆ ಎಣಿಸುತ್ತ ಕೂರಬೇಡಿ, ಹೊರಡಿ. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಿ ಉಸಿರು ಕಟ್ಟಿದರೆ ಕಡಲೆಬೀಜವೋ ಮಣಿಯೋ ಶ್ವಾಸನಾಳಕ್ಕೆ ಹೋಗಿರಬಹುದು. ಕೆಮ್ಮು ನಿಂತರೂ ಆಸ್ಪತ್ರೆಯಲ್ಲಿ ತೋರಿಸಿ.

ಇಷ್ಟು ಹೇಳಿದ ಮೇಲೆ ವೈದ್ಯರು ಅಸ್ತಮಾ ಅಥವಾ ಸಿಒಪಿಡಿ ಎಂದು ಅನುಮಾನಿಸಿದರೆ ಸ್ಪೈರೋಮೆಟ್ರಿ ಬರೆದುಕೊಡುತ್ತಾರೆ. ಚೀಟಿಯಲ್ಲಿ ಪಿಎಫ್‌ಟಿ ಎಂದೂ ಇರಬಹುದು. ಸ್ಪೈರೋಮೆಟ್ರಿ ಎಂದರೆ ಉಸಿರನ್ನು ಅಳೆಯುವುದು. 1846ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್‌ಸನ್ ನೀರಿನಲ್ಲಿ ಮುಳುಗಿಸಿದ ಪಾತ್ರೆಯೊಳಕ್ಕೆ ಜನರಿಂದ ಊದಿಸಿ, ಪಾತ್ರೆ ಎಷ್ಟು ಮೇಲೆದ್ದಿತು ಎಂದು ಅಳೆದು ಈ ವಿದ್ಯೆಗೆ ತಳಪಾಯ ಹಾಕಿದರು. ಇಂದಿನ ಯಂತ್ರ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಕಂಪ್ಯೂಟರಿಗೆ ಜೋಡಿಸಿರುತ್ತದೆ. ಮೂಗಿಗೆ ಕ್ಲಿಪ್ ಹಾಕುತ್ತಾರೆ. ಬಾಯಿಗೆ ಕೊಳವೆ ಕೊಡುತ್ತಾರೆ. ಆದಷ್ಟು ಗಾಳಿ ಎಳೆದುಕೊಂಡು, ಒಮ್ಮೆಗೇ ಜೋರಾಗಿ ಊದಬೇಕು. ಊದುತ್ತಲೇ ಇರಬೇಕು, ಕಡೇಪಕ್ಷ ಆರು ಸೆಕೆಂಡು. ಪಕ್ಕದಲ್ಲಿ ನಿಂತ ತಂತ್ರಜ್ಞರು “ಊದಿ, ಊದಿ, ಇನ್ನೂ ಊದಿ” ಎಂದು ಕೂಗುತ್ತಾರೆ. ಬೈಯುತ್ತಿದ್ದಾರೆ ಎಂದು ಬೇಸರಪಡಬೇಡಿ, ಅದು ಅವರ ಕೆಲಸ. ಸರಿಯಾದ ಮೂರು ಊದುಗಳಾದರೂ ಸಿಗುವವರೆಗೆ ಮತ್ತೆ ಮತ್ತೆ ಮಾಡಿಸುತ್ತಾರೆ. ಆಮೇಲೆ ಶ್ವಾಸಕೋಶದ ಕೊಳವೆ ಹಿಗ್ಗಿಸುವ ಔಷಧಿ ಕೊಟ್ಟು, ಹದಿನೈದು ಇಪ್ಪತ್ತು ನಿಮಿಷ ಕೂರಿಸಿ, ಇನ್ನೊಮ್ಮೆ ಊದಿಸುತ್ತಾರೆ.

ವರದಿಯಲ್ಲಿ ಎರಡು ಅಂಕಿ ನೋಡಿ. ಎಫ್‌ವಿಸಿ ಎಂದರೆ ನೀವು ಊದಿದ ಒಟ್ಟು ಗಾಳಿ. ಎಫ್‌ಇವಿ1 ಎಂದರೆ ಮೊದಲ ಒಂದು ಸೆಕೆಂಡಿನಲ್ಲಿ ಹೊರಬಿದ್ದದ್ದು. ಔಷಧಿ ಕೊಟ್ಟ ಮೇಲೂ ಮೊದಲ ಸೆಕೆಂಡಿನ ಪಾಲು ಒಟ್ಟಿನಲ್ಲಿ ಶೇ 70ಕ್ಕಿಂತ ಕಡಿಮೆ ಇದ್ದರೆ ಅದು ಸಿಒಪಿಡಿಯ ಗುರುತು. ಔಷಧಿಯ ನಂತರ ಎಫ್‌ಇವಿ1 ಶೇ 12ರಷ್ಟು, ಜೊತೆಗೆ 200 ಮಿಲಿಲೀಟರ್‌ನಷ್ಟು ಏರಿದರೆ ಅಸ್ತಮಾದ ಕಡೆಗೆ ತಕ್ಕಡಿ ವಾಲುತ್ತದೆ. ಇನ್ನೊಂದು ಅನುಮಾನವನ್ನು ಇಲ್ಲೇ ತೀರಿಸಿಬಿಡುತ್ತೇನೆ. ಅಸ್ತಮಾ ಇದ್ದವರಿಗೂ ಆರಾಮಾಗಿರುವ ದಿನ ವರದಿ ಸರಿಯಾಗಿಯೇ ಬರಬಹುದು. ಅಷ್ಟಕ್ಕೇ ಕಾಯಿಲೆ ಇಲ್ಲ ಎಂದಲ್ಲ.

ಹೋಗುವ ಮುಂಚೆ ಹೊಟ್ಟೆ ತುಂಬ ಉಣ್ಣಬೇಡಿ. ಸಿಗರೇಟು ಮುಟ್ಟಬೇಡಿ. ಇನ್‌ಹೇಲರ್ ಬಳಸುವವರು ಎಷ್ಟು ಗಂಟೆ ಮುಂಚೆ ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿಕೊಳ್ಳಿ. ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ಕಣ್ಣಿನ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದರೆ ಊದುವ ಮುಂಚೆಯೇ ತಿಳಿಸಿ.

ಖರ್ಚು? ಖಾಸಗಿ ಕಡೆ ಸುಮಾರು 500ರಿಂದ 1500 ರೂಪಾಯಿ. ದೊಡ್ಡ ಆಸ್ಪತ್ರೆಯಲ್ಲಿ ಹೆಚ್ಚೂ ಆಗಬಹುದು. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಎದೆರೋಗ ವಿಭಾಗದಲ್ಲಿ ಇದಕ್ಕಿಂತ ತೀರಾ ಕಡಿಮೆ. ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೇ ಕಾಯಿಲೆಗಳಿಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ಹುಬ್ಬಳ್ಳಿಯವರಿಗೆ, ಮೊದಲು ಕಿಮ್ಸ್ ಎಂಬ ಹೆಸರಿದ್ದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡು, ಆಧಾರ್, ಹಳೆಯ ಎಕ್ಸ್‌ರೇ ಒಯ್ಯಿರಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಯಂತ್ರ ಇದೆಯೇ ಎಂದು ಮೊದಲು ಫೋನು ಮಾಡಿ ಕೇಳಿ. ಇದ್ದರೂ ಊದಿಸುವವರು ಆ ದಿನ ಇರಬೇಕಲ್ಲ.

ಕೊರೋನಾ ಬಂದ ಮೇಲೆ ಮನೆಮನೆಯಲ್ಲಿ ಪಲ್ಸ್ ಆಕ್ಸಿಮೀಟರ್ ಇದೆ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಕ್ಲಿಪ್ಪು. ಅದರ ಮೇಲೆ ಅತಿ ನಂಬಿಕೆ ಬೇಡ. ಅಸ್ತಮಾ ಕೆರಳಿದ ಮೊದಲ ಹೊತ್ತಿನಲ್ಲಿ ಅದು 97 ತೋರಿಸುತ್ತಲೇ ಇರಬಹುದು. ಉಗುರುಬಣ್ಣ, ತಣ್ಣಗಾದ ಕೈ ಇದ್ದರೂ ಅಂಕಿ ತಪ್ಪುತ್ತದೆ. ಮನುಷ್ಯ ಪೂರ್ತಿ ವಾಕ್ಯ ಮಾತಾಡುತ್ತಿದ್ದಾನೋ, ಎರಡು ಪದಕ್ಕೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದಾನೋ ನೋಡಿ. ಕ್ಲಿಪ್ಪಿಗಿಂತ ಆ ಗುರುತು ದೊಡ್ಡದು.

ಕಾಯಿಲೆ ಅಸ್ತಮಾ ಎಂದು ಗೊತ್ತಾದರೆ ಇನ್‌ಹೇಲರ್ ಕೊಡುತ್ತಾರೆ. ಆಗ ಮನೆಯಲ್ಲಿ ಗುಸುಗುಸು ಶುರು. “ಅದು ತುಂಬಾ ಸ್ಟ್ರಾಂಗು, ಒಮ್ಮೆ ಹಿಡಿದರೆ ಬಿಡುವ ಹಾಗಿಲ್ಲ, ಮೊದಲು ಮಾತ್ರೆ ಕೊಡಿ.” ಲೆಕ್ಕ ನೋಡಿ. ಸಾಲ್ಬುಟಮಾಲ್ ಎಂಬ ಕೊಳವೆ ಹಿಗ್ಗಿಸುವ ಔಷಧಿ ಮಾತ್ರೆಯಲ್ಲಿ 4 ಮಿಲಿಗ್ರಾಂ ಇರುತ್ತದೆ. ಇನ್‌ಹೇಲರಿನ ಒಂದು ಒತ್ತಿಗೆ ಬರುವುದು 100 ಮೈಕ್ರೋಗ್ರಾಂ. ಅಂದರೆ ಮಾತ್ರೆಯ ನಲವತ್ತರಲ್ಲಿ ಒಂದು ಪಾಲು. ಕಣ್ಣು ಕೆಂಪಾದರೆ ಕಣ್ಣಿಗೇ ಹನಿ ಬಿಡುವ ಹಾಗೆ ಇದು ಬೇಕಾದ ಕಡೆಗೇ ಹೋಗುತ್ತದೆ, ಹೊಟ್ಟೆ ಸುತ್ತಿ ಬರುವುದಿಲ್ಲ. ಚಟವಾಗುವ ವಸ್ತುವೂ ಇದರಲ್ಲಿಲ್ಲ. ಕಾಯಿಲೆ ದೀರ್ಘದ್ದು, ಅದಕ್ಕೆ ಔಷಧಿಯೂ ದೀರ್ಘ, ಅಷ್ಟೇ.

ಆದರೆ ಒಂದು ಎಚ್ಚರಿಕೆ. ಇನ್‌ಹೇಲರಿನಲ್ಲಿ ಎರಡು ಬಗೆ. ಆ ಹೊತ್ತಿಗೆ ಕೊಳವೆ ಬಿಡಿಸುವುದು ಒಂದು, ಒಳಗಿನ ಬಾವು ಇಳಿಸುವ ಸ್ಟಿರಾಯ್ಡ್ ಇನ್ನೊಂದು. ಮೊದಲನೆಯದು ತಕ್ಷಣ ಹಾಯೆನಿಸುತ್ತದೆ, ಆದ್ದರಿಂದ ಜನ ಅದನ್ನೇ ಜೇಬಿನಲ್ಲಿಟ್ಟು ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಅಸ್ತಮಾಕ್ಕೆ ಸಾಲ್ಬುಟಮಾಲ್ ಒಂದನ್ನೇ ಬಳಸುವ ಚಿಕಿತ್ಸೆಯನ್ನು ಜೀನಾ ಎಂಬ ಅಂತರರಾಷ್ಟ್ರೀಯ ವೈದ್ಯಕೂಟ 2019ರಿಂದ ಶಿಫಾರಸು ಮಾಡುತ್ತಿಲ್ಲ. ಸ್ಟಿರಾಯ್ಡ್ ಎಂಬ ಹೆಸರಿಗೆ ಹೆದರಬೇಡಿ, ಇಲ್ಲಿ ಅದರ ಪ್ರಮಾಣ ಚಿಕ್ಕದು. ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲವಾದರೆ ಬಾಯಲ್ಲಿ ಬಿಳಿ ಪೊರೆ ಕಟ್ಟಬಹುದು.

ಬಳಸುವ ಕ್ರಮ ಹೀಗೆ. ಒತ್ತುವ ಡಬ್ಬಿಯಾದರೆ ಚೆನ್ನಾಗಿ ಕುಲುಕಿ. ಉಸಿರು ಪೂರ್ತಿ ಹೊರಗೆ ಬಿಡಿ. ತುಟಿ ಬಿಗಿಯಾಗಿ ಮುಚ್ಚಿ. ನಿಧಾನವಾಗಿ ಎಳೆಯಲು ಶುರು ಮಾಡಿ, ಆಗ ಒತ್ತಿ, ಎಳೆಯುತ್ತಲೇ ಇರಿ. ಹತ್ತು ಸೆಕೆಂಡು ಉಸಿರು ಹಿಡಿಯಿರಿ. ಎರಡನೇ ಒತ್ತು ಬೇಕಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಕುಲುಕಿ. ಒತ್ತುವುದು ಎಳೆಯುವುದು ಹೊಂದದಿದ್ದರೆ ಸ್ಪೇಸರ್ ಕೊಳ್ಳಿ. ಅದು ಡಬ್ಬಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಬುರುಡೆ. ಮಕ್ಕಳಿಗೆ, ವಯಸ್ಸಾದವರಿಗೆ ಇದು ಬೇಕೇ ಬೇಕು. ಪುಡಿ ತುಂಬಿದ ಕ್ಯಾಪ್ಸೂಲಿನ ಸಾಧನವಾದರೆ ಕ್ರಮ ಉಲ್ಟಾ: ಜೋರಾಗಿ, ವೇಗವಾಗಿ ಎಳೆಯಬೇಕು. ಆ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರೂ ಇದ್ದಾರೆ. ನುಂಗಬಾರದು. ಡಬ್ಬಿ ಖಾಲಿಯಾಯಿತೇ ಎಂದು ನೀರಿನಲ್ಲಿ ತೇಲಿಸಿ ನೋಡುವುದೂ ತಪ್ಪು. ಎಷ್ಟು ಒತ್ತು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಸಾಲ್ಬುಟಮಾಲ್ ಡಬ್ಬಿಯಲ್ಲಿ ಸಾಮಾನ್ಯವಾಗಿ 200. ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಸಾಲ್ಬುಟಮಾಲ್ ಇನ್‌ಹೇಲರ್ 200 ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಸ್ಟಿರಾಯ್ಡ್ ಸೇರಿದ್ದಕ್ಕೆ ಅದರ ಎರಡು ಮೂರು ಪಟ್ಟು. ಸ್ಪೇಸರ್ ಕೆಲವು ನೂರು. ಜನೌಷಧಿ ಕೇಂದ್ರದಲ್ಲಿ ಮೂಲ ಔಷಧಿಯ ಹೆಸರು ತೋರಿಸಿ ಕೇಳಿ, ಅದಕ್ಕಾಗಿ ಚೀಟಿಯಲ್ಲಿ ಆ ಹೆಸರನ್ನೂ ಬರೆಸಿಕೊಳ್ಳಿ.

ಜೂನ್‌ನಲ್ಲಿ ಮೃಗಶಿರ ಮಳೆ ಹೂಡುವ ದಿನ ಹೈದರಾಬಾದಿನಲ್ಲಿ ಅಸ್ತಮಾಕ್ಕೆಂದು ಕೊಡುವ ಮೀನಿನ ಔಷಧಿಗೆ ನಮ್ಮ ಉತ್ತರದ ಜಿಲ್ಲೆಗಳಿಂದಲೂ ಜನ ಹೋಗುತ್ತಾರೆ. ಕೊಪ್ಪಳದ ಕುಟಗನಹಳ್ಳಿಯಲ್ಲೂ ಅದೇ ದಿನ ಅಸ್ತಮಾಕ್ಕೆ ಔಷಧಿ ಹಂಚುತ್ತಾರೆ. ಹೋಗುವವರ ನಂಬಿಕೆಯನ್ನು ನಾನು ಹಳಿಯುವುದಿಲ್ಲ. ಅದರಿಂದ ಅಸ್ತಮಾ ವಾಸಿಯಾಗುತ್ತದೆ ಎನ್ನಲು ಪುರಾವೆ ಇಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಹೋಗುವವರು ಇನ್‌ಹೇಲರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಪ್ರಾಣಾಯಾಮಕ್ಕೂ ಇದೇ ಮಾತು. ಮಾಡಿ, ಒಳ್ಳೆಯದೇ, ಔಷಧಿ ನಿಲ್ಲಿಸಿ ಮಾಡಬೇಡಿ.

ಕೆಲವು ಹೊತ್ತಿನಲ್ಲಿ ಬಿಡಿಸಿ ಹೇಳಲು ಪುರುಸೊತ್ತಿರುವುದಿಲ್ಲ. ತುಟಿ, ಉಗುರು ನೀಲಿಯಾದರೆ, ಒಂದೆರಡು ಪದಕ್ಕಿಂತ ಹೆಚ್ಚು ಮಾತಾಡಲಾಗದಿದ್ದರೆ, ಉಸಿರಿನ ಜೊತೆ ಎದೆ ಹಿಂಡಿದಂತಾಗಿ ಬೆವರಿದರೆ, ಮಂಪರು ಕವಿದರೆ, ಇನ್‌ಹೇಲರ್ ಒತ್ತಿದರೂ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಮಲಗಿಸಬೇಡಿ, ಒರಗಿಸಿ ಕೂರಿಸಿ. ತುರ್ತಿಲ್ಲದ ಅನುಮಾನಗಳಿಗೆ ಆರೋಗ್ಯ ಸಹಾಯವಾಣಿ 104 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆದುಕೊಂಡು ಹೋಗಿ: ಯಾವಾಗ ಬರುತ್ತದೆ, ಎಷ್ಟು ದೂರ ನಡೆದರೆ ಬರುತ್ತದೆ, ಎಷ್ಟು ದಿಂಬು ಬೇಕು, ಯಾವ ಹೊಗೆ ಕುಡಿದಿದ್ದೀರಿ. ಇನ್‌ಹೇಲರ್ ಇದ್ದರೆ ಅದನ್ನೂ ಒಯ್ದು, ಅವರ ಮುಂದೆಯೇ ಒಮ್ಮೆ ಎಳೆದು ತೋರಿಸಿ.